ದ್ಯಾವಪ್ಪ ಹಾಕಿಸಿದ ಒಡ್ಡು

ದೋರನಹಳ್ಳಿಯಲ್ಲಿ ಗಟ್ಟಿಯಾಗಿ ನಿಂತದ್ದೆಲ್ಲ ದ್ಯಾವಪ್ಪ ಕಟ್ಟಿಸಿದ್ದು, ಬಿದ್ದದ್ದೆಲ್ಲ ಬೇರೆಯವರು ಕಟ್ಟಿಸಿದ್ದು. ಹಾಗೆಂದು ಹೇಳುವವನು ದ್ಯಾವಪ್ಪನೇ. ಶಾಲೆಯ ಕಾಂಪೌಂಡಿಗೆ ನಾಲ್ಕು ದಿನ ನೀರು ಹೊಡೆಸಿದ್ದ ಅಷ್ಟೇ, ಇಡೀ ಶಾಲೆಯೇ ತನ್ನ ಕೈಯಿಂದ ಎದ್ದಿತೆಂದು ಚಹಾದಂಗಡಿಯಲ್ಲಿ ಸಾರಿಕೊಂಡ. ಅದೇ ಕಾಂಪೌಂಡು ಮಳೆಗೆ ಮಲಗಿದಾಗ, "ಅದು ಕಟ್ಟುಮುಂದ ನಾ ಸುರಪುರದಾಗಿದ್ನಲ್ಲ" ಎಂದ. ಬಿಳಿ ಧೋತರ, ಕಿಸೆಯಲ್ಲೊಂದು ಮುಚ್ಚಳವಿಲ್ಲದ ಪೆನ್ನು. ಅದರಿಂದ ಆತ ಬರೆದದ್ದನ್ನು ಯಾರೂ ಕಂಡಿರಲಿಲ್ಲ, ಅಂಗಿಗೆ ಮಸಿ ಹತ್ತಿದ್ದನ್ನು ಮಾತ್ರ ಊರೆಲ್ಲ ಕಂಡಿತ್ತು.

ಇಂಥವನನ್ನು ಎಲ್ಲರಿಗಿಂತ ಹೆಚ್ಚು ಸಹಿಸಿದವಳು ಚಮನಬೀ. ಕೆನಾಲು ಬಂದಾಗ ಊರ ಹೊರಗಿನ ಒಡ್ಡಿನ ಕೆಲಸವನ್ನು ಇಬ್ಬರು ಮೇಸ್ತ್ರಿಗಳಿಗೆ ಹಂಚಿದ್ದರು. ಒಂದು ಕಡೆಯಿಂದ ಅವಳ ಗಂಡ ಅಮೀನುದ್ದೀನ, ಇನ್ನೊಂದು ಕಡೆಯಿಂದ ದ್ಯಾವಪ್ಪ. ಅಮೀನುದ್ದೀನ ಕರಿಮಣ್ಣು ತರಿಸಿ, ನೀರು ಹೊಡೆಸಿ, ಪದರ ಪದರಕ್ಕೂ ಬಡಿಸಿ ಗಟ್ಟಿಯಾಗಿ ದಮ್ಮಸು ಮಾಡಿಸಿದ. ಬುಟ್ಟಿ ಹೊತ್ತು ಚಮನಬೀಯ ನೆತ್ತಿಯ ಕೂದಲೇ ಸವೆದಿತ್ತು. ಆಚೆ ದ್ಯಾವಪ್ಪನ ಕಡೆ ಹಳ್ಳದ ಉಸುಕು ಬಂದು ಬೀಳುವುದನ್ನು ಅವಳು ದಿನಾ ನೋಡುತ್ತಿದ್ದಳು. ಮೇಲೊಂದು ಗೇಣು ಕರಿಮಣ್ಣು ಬಳಿದ ಮೇಲೆ ಎರಡೂ ಒಂದೇ ಥರ ಕಂಡವು.

ಕೆಲವು ವರ್ಷ ನೀರು ಹರಿದ ಮೇಲೆ ಒಡ್ಡು ನಡುವೆ ಕುಸಿಯತೊಡಗಿತು. ಕುಸಿದದ್ದು ಅಮೀನುದ್ದೀನನ ಪಾಲು ಎಂದು ದ್ಯಾವಪ್ಪ ಕೆನಾಲಿನ ಸಾಹೇಬರ ಮುಂದೆ ಆಣೆ ಮಾಡಿದ. ಗಡಿಯ ಗುರುತಿಗಿದ್ದ ಬೇವಿನ ಮರವನ್ನು ಯಾರೋ ಎಂದೋ ಕಡಿದಿದ್ದರು. ಗುದ್ದಲಿಪೂಜೆಯ ದಿನ ದ್ಯಾವಪ್ಪ ತನ್ನ ಹೆಸರು ಕೊರೆಸಿದ ಕಲ್ಲೊಂದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಎರಡೂ ಪಾಲು ಕೂಡುವಲ್ಲಿ ಒಡ್ಡಿನ ಬುಡಕ್ಕೆ ಹೂತಿದ್ದ. ಎಲ್ಲಿ ಎಂದು ಕೇಳಿದರೆ, "ಮರ್ತೀನ್ರಿ, ವಯಸ್ಸಾತು" ಅನ್ನುತ್ತಿದ್ದ. ಹೊಲಸು ಮರೆವು, ಬೇಕಾದಾಗ ಬರುತ್ತಿತ್ತು. ಈ ತಪ್ಪು ತಲೆಗೆ ಬಂದರೆ ಅಮೀನುದ್ದೀನನಿಗೆ ಮುಂದೆ ಕೆನಾಲಿನ ಕೆಲಸವೇ ಇಲ್ಲ.

ಕೊನೆಗೆ ಯಾದಗಿರಿಯಿಂದ ಇಂಜಿನಿಯರ್ ಗೌಹರಬೇಗಂ ಜೀಪಿನಲ್ಲಿ ಯಂತ್ರ ಹಾಕಿಕೊಂಡು ಬಂದರು. ಒಡ್ಡನ್ನು ಒಡೆಯದೆಯೇ ಒಳಗೇನಿದೆ ಎಂದು ನೋಡುವುದು ಅವರ ಕೆಲಸ. ಉದ್ದಕ್ಕೂ ಕಂಪನ ಹಿಡಿಯುವ ಪುಟ್ಟ ಡಬ್ಬಿಗಳನ್ನು ನೆಟ್ಟು, ಕಬ್ಬಿಣದ ತಟ್ಟೆಯ ಮೇಲೆ ದೊಡ್ಡ ಸುತ್ತಿಗೆಯಿಂದ ಹೊಡೆಸಿದರು. ಆ ಏಟಿನ ಅಲೆ ಮಣ್ಣೊಳಗೆ ಎಷ್ಟು ಬೇಗ ಓಡಿತೆಂದು ಯಂತ್ರ ತೋರಿಸುತ್ತಿತ್ತು. ಊರವರೆಲ್ಲ ಉಸಿರು ಬಿಗಿಹಿಡಿದು ನಿಂತರೆ, ದ್ಯಾವಪ್ಪ ಮಾತ್ರ ಒಡ್ಡಿನ ಮೇಲೆ ಅತ್ತಿಂದಿತ್ತ ಠೀವಿಯಿಂದ ತಿರುಗುತ್ತಿದ್ದ.

"ಯಜಮಾನ್ರ, ನೀವು ಒಂದ್ಕಡೆ ನಿಂತ್ರ ಯಂತ್ರಕ್ಕ ಬರೇ ಸುತ್ತಿಗಿ ಸಪ್ಪಳ ಕೇಳ್ತದ್ರಿ. ಈಗ ನಿಮ್ಮ ಕಾಲಿಂದೂ ಕೇಳಾಕತ್ತದ."

"ನನ್ನ ಕಾಲಾಗ ಅಷ್ಟು ದಮ್ ಅದ್ರಿ, ಮೇಡಂ!"

ಪರದೆ ನೋಡುತ್ತ ಗೌಹರಬೇಗಂ ತಮ್ಮ ಜೊತೆಯವರಿಗೆ ಹೇಳಿದರು: "ಈ ಕಡಿ ಅಲೆ ಭಾಳ ಬೇಗ ಹೋಗ್ಯಾದ. ಕುಸಿದಲ್ಲಿಂದ ಆ ಕಡಿ ಭಾಳ ನಿಧಾನ."

ದ್ಯಾವಪ್ಪನ ಕಿವಿ ನೆಟ್ಟಗಾಯಿತು. ಒಡ್ಡಿನ ಕೆಲಸವೇ ತಡೆಯುವುದು. ಅಲೆಯನ್ನೇ ತಡೆದ ಒಡ್ಡು ನೀರನ್ನು ಬಿಟ್ಟೀತೇ? ಅವನ ತಲೆ ಓಡಿದ್ದು ಅಷ್ಟೇ ದೂರ.

"ನಿಧಾನ ಅದ ಅಂದ್ರಲ್ರೀ, ಅದು ನಂದು! ನಾನೇ ಹಾಕ್ಸಿದ್ದು!"

ಚಮನಬೀಗೆ ಯಂತ್ರದ ಮಾತು ತಿಳಿಯಲಿಲ್ಲ, ಆದರೆ ಈ ಮನುಷ್ಯ ತಿಳಿದಿದ್ದ. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೆಣಕಿದಳು: "ಅಯ್ಯ ದ್ಯಾವಣ್ಣ, ನಿನ್ನಿ ತನಾ ಅದು ನಮ್ಮನಿಯವ್ರದು ಅಂತಿದ್ದಿ?"

"ನಿನ್ನ ಗಂಡಗ ಇಂಥ ಒಡ್ಡು ಹಾಕಾಕ ಬರ್ತದೇನಬೇ?"

"ಬಾಯಿ ಮಾತು ಯಾರು ನಂಬ್ತಾರ? ಗುರ್ತು ಏನದ?"

ಅಷ್ಟು ಸಾಕಾಯಿತು. ದ್ಯಾವಪ್ಪ ಧೋತರ ಮೇಲೆ ಕಟ್ಟಿ, ಯಾರದೋ ಕೈಯಿಂದ ಸಲಿಕೆ ಕಸಿದುಕೊಂಡು, ಕುಸಿತ ಶುರುವಾಗುವಲ್ಲಿಗೇ ನೆಟ್ಟಗೆ ಹೋಗಿ ಅಗೆದ. ಇಷ್ಟು ವರ್ಷ ಮರೆತಿದ್ದ ಜಾಗ ಒಂದೇ ಸಲಕ್ಕೆ ಸಿಕ್ಕಿತು. ಕಲ್ಲೆತ್ತಿ ಮಣ್ಣು ಒರೆಸಿ, ಹೆಸರು ಕಾಣುವಂತೆ ಎದೆಗೆ ಹಿಡಿದು ಫೋಟೋಕ್ಕೆ ನಿಂತ ಹಾಗೆ ನಿಂತ.

ಗೌಹರಬೇಗಂ ಹೆಸರು ಓದಿದರು. "ಛಲೋ ಆತ್ರಿ. ಗಟ್ಟಿ ಮಣ್ಣಾಗ ಅಲೆ ಬೇಗ ಓಡ್ತದ. ಸಡಲ ಉಸುಕಿನ್ಯಾಗ ತೆವಳ್ತದ. ನಿಮ್ಮ ಒಡ್ಡಿನ ಒಳಗೆಲ್ಲ ಉಸುಕು ಅದ. ಮತ್ತ ನೀವೇ ಹಾಕ್ಸಬೇಕು."

ದ್ಯಾವಪ್ಪ ಕಲ್ಲನ್ನು ಎದೆಯಿಂದ ದೂರ ಸರಿಸಿದ. "ಈ ಕಲ್ಲು... ಯಾರೋ ಸರ್ಸ್ಯಾರ್ರಿ..."

"ಜ್ವಾಕಿ ದ್ಯಾವಣ್ಣ, ಕೆಳಗ ಬಿಟ್ಟೀ," ಎಂದಳು ಚಮನಬೀ. "ನಿನ್ನ ಪಾಲಿನ್ಯಾಗ ಗಟ್ಟಿ ಇದ್ದದ್ದು ಅದೊಂದೇ."

ಅಮೀನುದ್ದೀನ ಬೀಡಿ ಹಚ್ಚಿದ. ಬೇಸಿಗೆಯಲ್ಲಿ ಉಸುಕು ತೆಗೆದು ಕರಿಮಣ್ಣು ತುಂಬುವಾಗ ದ್ಯಾವಪ್ಪ ಅದೇ ಪೆನ್ನಿನೊಂದಿಗೆ ದಂಡೆಯ ಮೇಲೆ ನಿಂತು, ದಾರಿಹೋಕರಿಗೆಲ್ಲ ಹೇಳುತ್ತಿದ್ದ: "ಯಾದಗಿರಿಯಿಂದ ಆ ಮಷೀನ್ ತರ್ಸಿದಾಂವ ನಾನೇ ನೋಡ್ರಿ."