ಬಾಗಿಲ ಬಳಿಯ ಬೆಳ್ಳಿ ಡಾಬು

ನನ್ನಜ್ಜಿ ಹಲ್ಲಾ ಮೂವತ್ತೊಂದು ವರ್ಷ ತಾನು ಕೊಲೆಗಾತಿ ಎಂದೇ ನಂಬಿ ಬದುಕಿದಳು. ಊರಿಗೆ ಅದು ಗೊತ್ತಿರಲಿಲ್ಲ. ಊರಿನ ಪಾಲಿಗೆ ಅವಳು ಕುರಿ ಕರೆದು, ಉಣ್ಣೆ ನೂತು, ಯಾರಿಗೂ ಬಗ್ಗದೆ ಬಾಳಿದ ಒರಟು ಮುದುಕಿ, ಅಷ್ಟೇ.

ನಮ್ಮ ಮನೆಯಿದ್ದದ್ದು ಹಿಮನದಿಗೂ ಕಡಲಿಗೂ ನಡುವಿನ ಕಪ್ಪು ಮರಳಿನ ಮೇಲೆ. ಪಕ್ಕದಲ್ಲೇ ಹೊಳೆ. ಹಿಮದ ಅಡಿಯಿಂದ ಬೂದು ಬಣ್ಣದಲ್ಲಿ ಹೊರಡುವ ಈ ಹೊಳೆ ನಿನ್ನೆ ಹರಿದಲ್ಲಿ ಇವತ್ತು ಹರಿಯುವುದಿಲ್ಲ. ಸೇತುವೆಯ ಮಾತೆತ್ತಿದವರನ್ನು ನಾವು ನಕ್ಕು ಕಳಿಸುತ್ತಿದ್ದೆವು. ದಾಟಬೇಕಾದವರು ನನ್ನಜ್ಜ ಓಡುರ್‌ನನ್ನೇ ನಂಬಬೇಕು. ಅಜ್ಜ ನೀರಿನ ಸದ್ದು ಕೇಳಿ, ಬಣ್ಣ ನೋಡಿ, ಗಾಳಿ ಮೂಸಿ, ಆಮೇಲೆ ತನ್ನ ಕುದುರೆ ಗ್ರೌನಿಯನ್ನು ಇಳಿಸುತ್ತಿದ್ದ. ಮೂಸುವುದೇ ಮುಖ್ಯ. ಹಿಮದ ಹೊಟ್ಟೆಯಲ್ಲಿ ಜ್ವಾಲಾಮುಖಿಯ ಬೆಂಕಿಯಿದೆ. ಅದು ಕರಗಿಸಿದ ನೀರು ಒಳಗೇ ತುಂಬಿ ಒಡೆಯುವ ಮೊದಲು ಹೊಳೆ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಆಮೇಲೆ ಮನೆಗಾತ್ರದ ಹಿಮಗಡ್ಡೆಗಳನ್ನು ಹೊತ್ತು ಪ್ರವಾಹ ನುಗ್ಗುತ್ತದೆ.

ದೊಡ್ಡ ಜ್ವರದ ವರ್ಷ ಅಜ್ಜ ಬದುಕಿಕೊಂಡ, ಮೂಗು ಸತ್ತಿತು. ಅದನ್ನು ಹೆಂಡತಿಗೂ ಹೇಳಲಿಲ್ಲ. ಹಳಸಿದ ಮೀನನ್ನು ಚೆನ್ನಾಗಿದೆ ಎಂದು ತಿಂದಾಗ ಅಜ್ಜಿಗೆ ತಿಳಿಯಿತು. ಅವಳೂ ಏನೂ ಕೇಳಲಿಲ್ಲ. ಮದುವೆಯ ಬೆಳ್ಳಿ ಡಾಬನ್ನು ಪೆಟ್ಟಿಗೆಯಿಂದ ತೆಗೆದು ಬಾಗಿಲ ಬಳಿಯ ಗೂಟಕ್ಕೆ ನೇತುಹಾಕಿದಳು. ಹೊಳೆಯ ಕೆಟ್ಟ ಗಾಳಿ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ಇಲ್ಲಿನ ಮಕ್ಕಳಿಗೂ ಅದು ಗೊತ್ತು. ಅಂದಿನಿಂದ ಅಜ್ಜ ಹೊರಡುವಾಗ ಟೋಪಿ ಹುಡುಕುವ ನೆಪದಲ್ಲಿ ಡಾಬು ನೋಡುತ್ತಿದ್ದ. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಇದಕ್ಕಿಂತ ದೊಡ್ಡ ಪ್ರೀತಿ ನಾನು ಕಂಡಿಲ್ಲ, ಇದಕ್ಕಿಂತ ದೊಡ್ಡ ಪೆದ್ದುತನವನ್ನೂ ಕಂಡಿಲ್ಲ.

ನಾನು ಹುಟ್ಟಬೇಕಾಗಿದ್ದ ಮಾರ್ಚ್ ತಿಂಗಳು. ಅಪ್ಪ ಮೀನಿನ ಹಂಗಾಮಿಗೆ ಪಶ್ಚಿಮದ ಊರಿಗೆ ಹೋಗಿದ್ದ. ಅಮ್ಮನಿಗೆ ಎರಡು ದಿನದಿಂದ ನೋವು; ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಥೋರುನ್ ಇದ್ದದ್ದು ಹೊಳೆಯಾಚೆ. ಬೆಳಗ್ಗೆ ಅಜ್ಜಿ ಬಾಗಿಲಿಗೆ ಬಂದು ನೋಡಿದರೆ ಡಾಬು ಇದ್ದಿಲಿನ ಹಾಗೆ ಕಪ್ಪಗಿತ್ತು. ಒಳಗೆ ಮಗಳಿಗೆ ಕೂಗುವ ಶಕ್ತಿಯೂ ಉಳಿದಿರಲಿಲ್ಲ. ಅಜ್ಜಿ ಒಲೆಯ ಬೂದಿ ತಂದು ಡಾಬನ್ನು ತಿಕ್ಕಿ ತಿಕ್ಕಿ ಬೆಳಗಿದಳು, ಮತ್ತೆ ಗೂಟಕ್ಕೆ ಹಾಕಿದಳು.

ಅಜ್ಜ ಕೊಟ್ಟಿಗೆಯಿಂದ ಬಂದ. ಡಾಬು ನೋಡಿದ.

"ಬೇಗ ಹೋಗಿ ಬರ್ತೀನಿ ಕಣೆ. ಕಾಫಿ ಇಟ್ಟಿರು. ಆ ಥೋರುನ್ ಕಾಫಿ ಇಲ್ದೆ ಕೆಲ್ಸಕ್ಕೆ ಕೈ ಹಚ್ಚೋಳಲ್ಲ."

"ಹೋಗು, ಮಾತಾಡ್ತಾ ನಿಂತ್ಕೋಬೇಡ," ಎಂದಳು ಅಜ್ಜಿ. ಅವನೊಡನೆ ಅವಳು ಆಡಿದ ಕೊನೆಯ ಮಾತು ಅದು.

ಮಧ್ಯಾಹ್ನ ಗ್ರೌನಿ ಅಂಗಳಕ್ಕೆ ಬಂತು. ಮೇಲೆ ಥೋರುನ್, ಸೊಂಟದವರೆಗೆ ಒದ್ದೆ. ಒಳ್ಳೆಯ ಕುದುರೆಯನ್ನು ಅವಳಿಗೆ ಕೊಟ್ಟು ಅಜ್ಜ ಅವಳ ಎಳೆಯ ಕುದುರೆಯ ಮೇಲೆ ಹಿಂದೆ ಬರುತ್ತಿದ್ದನಂತೆ. ಕೊನೆಯ ಕವಲಿನಲ್ಲಿ ಹಿಮಗಡ್ಡೆ ಬಡಿದು ಕುದುರೆಯನ್ನೂ ಅವನನ್ನೂ ಕೊಂಡೊಯ್ದಿತು. ಅಷ್ಟು ಹೇಳಿ ಅವಳು ಕೈ ತೊಳೆದು ಒಳಗೆ ಹೋದಳು. ಸಂಜೆಯ ಹೊತ್ತಿಗೆ ಹೊಳೆ ಹುಲ್ಲುಗಾವಲನ್ನೆಲ್ಲ ಮುಚ್ಚಿತ್ತು, ನಾನು ಹುಟ್ಟಿದ್ದೆ, ಅಮ್ಮ ಉಳಿದಿದ್ದಳು. ಅಜ್ಜನ ಹೆಸರನ್ನೇ ಹೆಣ್ಣಾಗಿಸಿ ನನಗೆ ಓಡ್ನಿ ಎಂದು ಇಟ್ಟರು.

ಹೆಣ ಸಿಗಲಿಲ್ಲ. ಮರಳಿನಲ್ಲಿ ಸಿಕ್ಕಿಕೊಂಡ ಹಿಮಗಡ್ಡೆಗಳು ಎರಡು ಬೇಸಿಗೆ ಕರಗುತ್ತಲೇ ಇದ್ದವು. ಅಜ್ಜಿ ದಿನಾ ಒಂದೊಂದರ ಸುತ್ತಲೂ ಹುಡುಕಿ ಬರುತ್ತಿದ್ದಳು. ನನಗೆ ಇಪ್ಪತ್ತಾದಾಗ ಡಾಬಿನ ವಿಷಯ ಬಾಯಿಬಿಟ್ಟಳು.

"ಅವನಿಗಿದ್ದ ಒಂದು ಆಧಾರಾನೂ ನಾನೇ ಅಳಿಸ್ದೆ ಓಡ್ನಿ. ಕಪ್ಪು ಕಂಡಿದ್ರೆ ಹೋಗ್ತಿರ್ಲಿಲ್ಲ. ಮೋಸ ಮಾಡಿ ಕಳಿಸ್ದೆ. ಸತ್ತ ಮೇಲೆ ಯಾವ ಮುಖ ಇಟ್ಕೊಂಡು ಅವನ ಎದುರು ನಿಲ್ಲಲಿ?"

"ನೀನು ಹಾಗೆ ಮಾಡದಿದ್ರೆ ನಾನೂ ಅಮ್ಮಾನೂ..."

"ಬಾಯ್ಮುಚ್ಚು. ನಿನ್ನ ಜೀವದ ಪರ ನೀನೇ ವಕಾಲತ್ತು ಮಾಡ್ಬೇಡ."

ಅದಾದ ಹನ್ನೊಂದು ವರ್ಷಕ್ಕೆ, ಸಾಯುವ ವಾರವೆಲ್ಲ ಅವಳ ಬೆರಳುಗಳು ಹೊದಿಕೆಯ ಅಂಚನ್ನು ತಿಕ್ಕುತ್ತಲೇ ಇದ್ದವು.

ಮಣ್ಣು ಮಾಡಿ ಬಂದು ಕಾಫಿಗೆ ಕೂತಾಗ ನಾನು ತಡೆಯಲಾರದೆ ಎಲ್ಲವನ್ನೂ ಮುದುಕಿ ಥೋರುನ್‌ಗೆ ಹೇಳಿಬಿಟ್ಟೆ. ಅವಳು ಬಟ್ಟಲನ್ನು ಕೆಳಗಿಟ್ಟಳು.

"ಆಚೆ ದಡದಲ್ಲೇ ನನ್ನ ಮೂಗಿಗೆ ನಾತ ಬಡೀತು ಮಗಾ. ಹೊಳೆ ನಾರ್ತಿದೆ ಓಡುರ್ ಅಂದೆ. 'ನಂಗೆ ಮೂಗಿಲ್ಲ, ಕಣ್ಣಿದೆ' ಅಂದ. 'ಹಲ್ಲಾ ಕ್ರಿಸ್‌ಮಸ್‌ಗೆ ಬಿಟ್ರೆ ಡಾಬು ಬೆಳಗೋಳಲ್ಲ. ಇವತ್ತು ಫಳಫಳ ಅಂತಿತ್ತು, ಸಂದೀಲಿ ಬೂದಿ ಇನ್ನೂ ಹಾಗೇ ಇತ್ತು. ಬರೋದಾದ್ರೆ ಈಗ್ಲೇ ಹತ್ತು. ನಂಗೆ ಗೊತ್ತಿತ್ತು ಅಂತ ಅವಳಿಗೆ ಮಾತ್ರ ಹೇಳ್ಬೇಡ, ನಾಚ್ಕೊಂಡು ಸಾಯ್ತಾಳೆ' ಅಂತ ನಕ್ಕ."

"ನೀವು ಹೇಳ್ಲೇ ಇಲ್ವಾ?"

"ಮಾತು ಕೊಟ್ಟಿದ್ದೆ."

ಬದುಕಿ ಮನೆಗೆ ಬರುತ್ತೇನೆಂದುಕೊಂಡಿದ್ದವನು ನಗುತ್ತ ಕೇಳಿದ ಮಾತು! ಅದನ್ನು ಈ ಮುದುಕಿ ಮೂವತ್ತೊಂದು ವರ್ಷ ಆಣೆಯ ಹಾಗೆ ಕಾಪಾಡಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಬೈಯಬೇಕೆಂದು ಎದ್ದೆ. ಆದರೆ ಅಡ್ಡ ಬಿದ್ದಿದ್ದ ನನ್ನನ್ನು ತಿರುಗಿಸಿ ಹೊರಗೆ ತಂದ ಆ ಕೈಗಳು ನನ್ನೆದುರಿನ ಮೇಜಿನ ಮೇಲಿದ್ದವು.

ಹೊರಗೆ ಓಡಿದೆ. ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು. ಮಂಡಿಯೂರಿ, "ಅಜ್ಜನಿಗೆ ಗೊತ್ತಿತ್ತಂತೆ ಅಜ್ಜಿ, ಗೊತ್ತಿದ್ದೇ ಹೋದನಂತೆ" ಎಂದೆ. ಕೊನೆಗಾಲದಲ್ಲಿ ಅವಳಿಗೆ ಕಿವಿ ಮಂದವಾಗಿತ್ತು, ಅದಕ್ಕೆ ಇನ್ನೊಮ್ಮೆ ಕೂಗಿ ಹೇಳಿದೆ.