ದೆವ್ವಕ್ಕೂ ಒಂದು ಚೂರು ಬೆಲ್ಲ

ನನಗೆ ದೆವ್ವದ ಸಿನಿಮಾ ಎಂದರೆ ಪ್ರಾಣ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ, ಐವತ್ತು ದಾಟಿದ ಹೆಂಗಸು ಹೀಗೆಲ್ಲ ಹೇಳಬಾರದು. ಆದರೂ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಪರದೆ ಎಳೆದು, ಎದೆಗೆ ದಿಂಬು ಅವುಚಿಕೊಂಡು ಟಿವಿ ಮುಂದೆ ಕೂತೆನೆಂದರೆ ಲೋಕವೇ ಬೇಡ. ನಮ್ಮ ಯಜಮಾನರಿಗೆ ಮಾತ್ರ ಸಿನಿಮಾದ ಮೊದಲ ಬಾಗಿಲು ಕಿರ್ ಅನ್ನುತ್ತಲೇ ತರಕಾರಿ ನೆನಪಾಗುತ್ತದೆ. ಚೀಲ ಹಿಡಿದು ಹೊರಟೇಬಿಡುತ್ತಾರೆ.

ಈಚಿನ ದೆವ್ವಗಳ ಬಗ್ಗೆ ನನಗೆ ಅಪಾರ ಗೌರವ. ನಮ್ಮ ಕಾಲದ ದೆವ್ವ ಬಿಳಿ ಸೀರೆ ಉಟ್ಟು, ಗೆಜ್ಜೆ ಕಟ್ಟಿ, ಸಾಲದ್ದಕ್ಕೆ ಹಾಡು ಬೇರೆ ಹೇಳಿಕೊಂಡು ಬರುತ್ತಿತ್ತು. ಹೆದರುವ ಮುಂಚೆ ಅದರ ಶ್ರುತಿ ಸರಿಯಿದೆಯೇ ಎಂದು ಕಿವಿ ಹೋಗುತ್ತಿತ್ತು. ಈಗಿನದು ಹಾಗಲ್ಲ. ಹಾಡಹಗಲು, ಯಾರದೋ ಅಡುಗೆಮನೆ, ಒಂದು ಕುರ್ಚಿ. ಹೆಂಗಸೊಬ್ಬಳು ಆಚೆ ತಿರುಗಿ ಈಚೆ ತಿರುಗುವಷ್ಟರಲ್ಲಿ ಕುರ್ಚಿ ಒಂದು ಗೇಣು ಸರಿದಿರುತ್ತದೆ. ಅಷ್ಟೇ! ಸದ್ದಿಲ್ಲ, ಸಂಗೀತವಿಲ್ಲ. ನನ್ನ ಮೈಯ ರೋಮವೆಲ್ಲ ಎದ್ದು ನಿಲ್ಲುತ್ತದೆ, ತೆರೆದ ಬಾಯಿ ತೆರೆದೇ ಇರುತ್ತದೆ. ದಿನಾ ಕೂರುವ ಕುರ್ಚಿಯೊಳಗೆ ಇಷ್ಟು ದೊಡ್ಡ ಗುಟ್ಟಿತ್ತೇ ಎಂದು ಬೆರಗಾಗುತ್ತೇನೆ. ನಮ್ಮ ಹಳೆಯ ಲಾಕ್ಷಣಿಕರು ಭಯಾನಕವನ್ನೂ ಅದ್ಭುತವನ್ನೂ ರಸಗಳ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾರೆ. ನಡುವೆ ಬೀಭತ್ಸ ಕೂತಿದೆ ನಿಜ. ಆದರೆ ಒಳ್ಳೆಯ ಸಿನಿಮಾ ಅದನ್ನು ಮೆಲ್ಲಗೆ ಎಬ್ಬಿಸಿ ಕಳಿಸಿ ಇವೆರಡಕ್ಕೂ ಒತ್ತೊತ್ತಾಗಿ ಎಲೆ ಹಾಕುತ್ತದೆ.

ಇಷ್ಟೆಲ್ಲ ನೋಡಿ ನಾನು ಕಂಡುಕೊಂಡದ್ದೆಂದರೆ, ದೆವ್ವಕ್ಕೆ ಜಾಗ ಬೇಕು. ದೊಡ್ಡ ಮನೆ, ಕಡಿಮೆ ಜನ, ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಪ್ರತಿ ಕೋಣೆಗೂ ಚಿಲಕ. ಅಂದರೆ ಪುಣೆಯ ಖರಾಡಿಯಲ್ಲಿ ಹನ್ನೊಂದನೇ ಮಹಡಿಯ ನಮ್ಮ ಮನೆಯೇ! ಓದುವ ದಿನಗಳಲ್ಲಿ ನಾನಿದ್ದದ್ದು ಇದೇ ಊರಿನ ಸದಾಶಿವ ಪೇಠದಲ್ಲಿ, ಹತ್ತಾರು ಸಂಸಾರಗಳಿದ್ದ ಹಳೇ ವಾಡೆಯೊಂದರಲ್ಲಿ, ಕಾಕುವಿನ ಒಂದೂವರೆ ಕೋಣೆಯಲ್ಲಿ. ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಪುಣೆಗೆ ಓದಲು ಬಂದ ನೆಂಟರ ಮಕ್ಕಳೆಲ್ಲ ಅಲ್ಲೇ. ನಾವು ಮಲಗಿದ ಮೇಲೆ ಬಾಗಿಲು ತೆರೆಯಲಿಕ್ಕೂ ಜಾಗ ಇರುತ್ತಿರಲಿಲ್ಲ. ಅಪ್ಪಿತಪ್ಪಿ ದೆವ್ವ ಬಂದಿದ್ದರೂ ಕಾಕು ಅದರ ಮುಂದೆ ಮೆಂತ್ಯದ ಸಿವುಡು ಇಟ್ಟು, "ಖಾಲಿ ಯಾಕ ನಿಂತಿ, ಇದನ್ನಷ್ಟು ಸೋಸು" ಅನ್ನುತ್ತಿದ್ದಳು.

ಆ ವಾಡೆಯನ್ನು ಈಗ ಕೆಡವಿದ್ದಾರೆ. ಚಿಕ್ಕಪ್ಪ ತೀರಿಕೊಂಡಿದ್ದಾರೆ, ಕಾಕುಗೆ ಸ್ವಂತ ಮಕ್ಕಳಿಲ್ಲ. ಮಳೆಗಾಲಕ್ಕೆ ಮುಂಚೆ ಅವಳನ್ನು ನಮ್ಮಲ್ಲಿಗೆ ಕರೆತಂದೆ. ತಾಯಿಯಿಲ್ಲದ ನನಗೆ ತಲೆ ಬಾಚಿ ಕಾಲೇಜಿಗೆ ಕಳಿಸಿದವಳು ಅವಳು. ಕೊನೆತನಕ ನನ್ನ ಜೊತೆಗೇ ಇರಲಿ ಎಂಬ ಆಸೆ. ಆದರೆ ಪೇಠದಲ್ಲಿ ಪರಿಚಯದವರ ಕೋಣೆಯೊಂದು ಖಾಲಿಯಾಯಿತಂತೆ. ಕಾಕುವಿನ ಮನಸ್ಸು ಅತ್ತ ವಾಲಿತು. ಸೋಮವಾರ ಅವರಿಗೆ ಉತ್ತರ ಹೇಳಬೇಕಿತ್ತು. ಸಿನಿಮಾದ ಭಯವನ್ನು ದಿಂಬಿನಲ್ಲಿ ಮುಚ್ಚಬಹುದು, ಈ ಭಯಕ್ಕೆ ಏನು ಮಾಡಲಿ?

"ವಾಡೇದಾಗ ಎಷ್ಟ್ ಆರಾಮ ಇದ್ವಿ ಅಲ್ಲಾ ಕಾಕು? ಇದ್ದದ್ರಾಗ ಸುಖ ಇತ್ತು," ಎಂದು ಅವಳ ಮನಸ್ಸು ತಿಳಿಯಲು ಹೊರಟೆ.

"ಏನ್ ಆರಾಮವಾ ತಾಯಿ! ಮಾಳಗಿ ಸೋರತಿತ್ತು. ಮುಂಜಾನೆದ್ದು ಪಾಯಖಾನಿ ಮುಂದ ಪಾಳಿ. ನನಗ ನಿಮ್ಮ ಗೀಜರ್ ಭಾಳ ಸೇರೇದ."

"ಮತ್ತ ಹೋಗೂದ್ಯಾಕ?"

"ಇಲ್ಲಿ ಯಾರೂ ಬರಂಗಿಲ್ಲಲಾ. ಯಾವಾಗ ನೋಡಿದ್ರೂ ಬಾಗಲಾ ಮುಚ್ಚೇ ಇರತದ."

ಸರಳ ಬದುಕಿನ ಮೇಲೆ ನಾನು ಮನಸ್ಸಿನಲ್ಲೇ ಸಿದ್ಧಮಾಡಿದ್ದ ಭಾಷಣ ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಮನೆಗೆ ಬಂದವರಿಗೆ, ಯಾರು ಏನು ಎಂದು ಕೇಳುವ ಮೊದಲೇ, ಬೆಲ್ಲ ನೀರು ಕೊಡುತ್ತಾರೆ. ಕಾಕು ಬಂದ ದಿನವೇ ಬೆಲ್ಲದ ಡಬ್ಬಿಯನ್ನು ಕೈಗೆಟುಕುವಂತೆ ಕಟ್ಟೆಯ ಮೇಲೆ ಇಟ್ಟಿದ್ದಳು. ಇಷ್ಟು ದಿನ ಅದರ ಸತ್ಕಾರ ಸಿಕ್ಕಿದ್ದು ಇರುವೆಗಳಿಗೆ ಮಾತ್ರ.

ಆ ಭಾನುವಾರ ಕಾಕುವೂ ನನ್ನ ಪಕ್ಕದಲ್ಲಿ ಕೂತು ಸಿನಿಮಾ ನೋಡುತ್ತ ತೂಕಡಿಸುತ್ತಿದ್ದಳು. ಪಾಳು ಬಂಗಲೆ; ಒಳಗೆ ಒಬ್ಬಳೇ ನಾಯಕಿ; ಯಾರೋ ಬಾಗಿಲು ಬಡಿಯುತ್ತಾರೆ. ನಮ್ಮ ಸ್ಪೀಕರೋ, ಸದ್ದು ನಮ್ಮ ಬೆನ್ನ ಹಿಂದಿನಿಂದಲೇ ಬಂದಂತೆ ಕೇಳಿಸುತ್ತದೆ. ನಾನು ದಿಂಬಿನಲ್ಲಿ ಮುಖ ಹುದುಗಿಸಿದೆ. ತೆಗೆದು ನೋಡಿದರೆ ಕಾಕು ಪಕ್ಕದಲ್ಲಿಲ್ಲ! ಮುಂಬಾಗಿಲಿಂದ ಅವಳ ದನಿ ಬರುತ್ತಿತ್ತು, ಮರಾಠಿಯಲ್ಲಿ: "ಯೇ ಬಾಳಾ, ಆತ ಯೇ." ಬಾ ಮಗೂ, ಒಳಗೆ ಬಾ ಎಂದು ಯಾರನ್ನೋ ಕರೆಯುತ್ತಿದ್ದಾಳೆ. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಬೆಲ್ಲದ ತಟ್ಟೆ. ಟಿವಿಯೊಳಗಿನ ಸದ್ದನ್ನು ನಮ್ಮ ಮನೆಯದೆಂದು ನಂಬಿ ಎದ್ದು ಹೋಗಿದ್ದಾಳೆ. ಆದರೆ ಹೊಸ್ತಿಲಾಚೆ, ದೇವರಾಣೆ, ಒಬ್ಬ ಹುಡುಗಿ ನಿಂತಿದ್ದಾಳೆ: ಬಿಟ್ಟ ಕೂದಲು, ಬಿಳಚಿದ ಮುಖ, ಬರಿಗಾಲು.

"ಕಾಕು, ಒಳಗ ಕರೀಬ್ಯಾಡಾ!" ಎಂದು ಕಿರುಚಿದೆ. ರಸಾಯನಶಾಸ್ತ್ರದ ಮಾನ ಹೋಯಿತು.

ಅವಳು ಎದುರುಮನೆಯ ಬಾಡಿಗೆ ಹುಡುಗಿ. ಕಸದ ಬುಟ್ಟಿ ಹೊರಗಿಡಲು ಬಂದಿದ್ದಾಳೆ, ಹಿಂದೆಯೇ ಬಾಗಿಲು ತಾನಾಗಿ ಲಾಕ್ ಆಗಿದೆ. ಫೋನು ಒಳಗೆ, ಕೋಣೆಯ ಗೆಳತಿ ಆಫೀಸಿನಲ್ಲಿ. ಆಗಿನಿಂದ ಮೆಟ್ಟಿಲ ಮೇಲೆ ಕೂತು, ಎದ್ದು, ಸುತ್ತಾಡಿ, ಮತ್ತೆ ಕೂತಿದ್ದಾಳೆ. ಬೆಲ್ ಯಾಕೆ ಒತ್ತಲಿಲ್ಲ ಎಂದರೆ, ನಿಮಗೆ ತೊಂದರೆಯಾಗುತ್ತದೇನೋ ಎಂದಳು. ಬೆಲ್ಲದ ಚೂರು ಬಾಯಿಗಿಟ್ಟುಕೊಂಡವಳ ಕಣ್ಣು ತುಂಬಿಬಂತು. ನನಗೆ ನಾಚಿಕೆಯಾಯಿತು.

ಉಳಿದ ಸಿನಿಮಾವನ್ನು ಮೂವರೂ ಕೂಡಿ ನೋಡಿದೆವು. ನಿಜ ಹೇಳಬೇಕೆಂದರೆ ನಾನು ನೋಡಿದ್ದು ಕಾಕುವನ್ನೇ. ಬಾಗಿಲ ಸದ್ದು ಕೇಳಿ ಹಿಂದೆ ಸರಿಯದೆ, ತಂಬಿಗೆ ತುಂಬಿಕೊಂಡು ಎದುರು ಹೋಗುವ ಮನುಷ್ಯಜೀವವನ್ನು ನಾನು ಯಾವ ಸಿನಿಮಾದಲ್ಲೂ ಕಂಡಿಲ್ಲ. ಅಬ್ಬಾ, ಎಂಥ ಧೈರ್ಯ! ಅದು ಧೈರ್ಯವೆಂದು ಅವಳಿಗೆ ಗೊತ್ತೂ ಇಲ್ಲ. ಕೊನೆಗೆ ದೆವ್ವ ಸೋತು ಮಾಯವಾದಾಗ ಕಾಕು ಲೊಚಗುಟ್ಟಿದಳು. "ಪಾಪ, ಅಷ್ಟೊತ್ತು ಬಡದ್ಲು. ಒಬ್ಬರರೇ 'ಏನ್ ಬೇಕವಾ' ಅಂತ ಕೇಳಿದ್ರೇನು?"

ಮರುದಿನ ಬೆಳಿಗ್ಗೆ ಕಾಕು ಬಿಸಿಲಿಗೆ ಕೂತು ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಎದೆ ಗಟ್ಟಿ ಮಾಡಿಕೊಂಡು ಕೇಳಿದೆ: "ಕೋಣೆಯವ್ರಿಗೆ ಏನ್ ಹೇಳ್ಲಿ?"

"ಬ್ಯಾಡಂತ ಹೇಳಿಬಿಡು. ಆ ಹುಡುಗಿ ಸಂಜೀಕ ಬರತೇನಿ ಅಂದಾಳ. ಬಂದವ್ರಿಗೆ ಮನ್ಯಾಗ ಯಾರರೇ ಇರಬೇಕಲಾ."

ಕುಣಿಯುವಷ್ಟು ಖುಷಿಯಾಯಿತು. 'ನಾನೂ ಇವ್ರೂ ಇದ್ದೇವಲಾ ಕಾಕು' ಎನ್ನಲು ಹೊರಟವಳಿಗೆ ನಮ್ಮ ಬಾಗಿಲು ನೆನಪಾಯಿತು. ಇಷ್ಟು ತಿಂಗಳು ಆ ಹುಡುಗಿ ನಮ್ಮ ಮನೆಯಲ್ಲಿ ಕಂಡದ್ದು, ಬಾಗಿಲ ಸಂದಿಯಿಂದ ಹೊರಬಂದು, ಕೆಳಗಿಟ್ಟ ಪಾರ್ಸಲ್ಲನ್ನು ಎಳೆದುಕೊಂಡು, ಸದ್ದಿಲ್ಲದೆ ಒಳಗೆ ಹೋಗುವ ಒಂದು ಕೈಯನ್ನು ಮಾತ್ರ.