ಹೂಂ ಅನ್ನುವವರು

ತಲೆ ಬಾಚಿಕೊಂಡ ಮೇಲೆ ಹಣಿಗೆಗೆ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಕಿಟಕಿಯ ಸಂದಿಗೆ ಸಿಕ್ಕಿಸುವುದು ನನ್ನ ಹಳೆಯ ಚಟ. ಮೊನ್ನೆ ಸೊಸೆ ಕಸ ಹೊಡೆಯಲು ಹೋಗಿ ಒಂದು ಉಂಡೆ ಹೊರಗೆಳೆದಳು. ಕೊಬ್ಬರಿ ಎಣ್ಣೆಯ ಕಮಟು ವಾಸನೆಗೆ ಮೂಗು ಮುರಿದಳು. ಬಿಸಾಡಬೇಡ, ಪಿನ್ನಿನವ್ವ ಬಂದರೆ ಬೇಕಾಗುತ್ತದೆ ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ...

ಮಸ್ಕಿಯ ಓಣಿಗಳಲ್ಲಿ ಆಕೆಯನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಪಿನ್ನು, ರಿಬ್ಬನ್ನು, ಹಣಿಗೆ. ನಾವು ಕೂಡಿಟ್ಟ ಕೂದಲು ಕೊಟ್ಟರೆ ಬದಲಿಗೆ ಅದರಲ್ಲಿ ಏನಾದರೂ ಕೊಡುತ್ತಿದ್ದಳು. ಊರೂರು ತಿರುಗಿ ಕಥೆ ಹಾಡುವ ಮನೆತನ ಅವರದು. ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ. ಟಿವಿ ಬಂದ ಮೇಲೆ ಕಥೆ ಕೇಳುವವರು ಕಡಿಮೆಯಾಗಿ ಹೆಂಗಸರು ಈ ಕೂದಲ ವ್ಯಾಪಾರ ಹಿಡಿದಿದ್ದರು. ಗಂಡಸರು ಇನ್ನೂ ಸುಗ್ಗಿಯಲ್ಲಿ ಸಿಂಧನೂರಿನ ಕಡೆಯ ಭತ್ತದ ಊರುಗಳಲ್ಲಿ ಹಾಡಿ ಕಾಳು ತರುತ್ತಿದ್ದರು. ಅವರ ಜೋಪಡಿಗಳು ಹಳ್ಳದ ದಂಡೆಯಲ್ಲಿದ್ದವು.

ನಾನು ಆಗ ಅಲ್ಲಿನ ಶಾಲೆಯಲ್ಲಿ ಟೀಚರ್, ಆಕೆಯ ಮಗಳು ನನ್ನ ತರಗತಿಯವಳು. ಬರವಣಿಗೆ ಮುತ್ತು ಪೋಣಿಸಿದ ಹಾಗಿತ್ತು. ಆದರೆ ಎದ್ದು ನಿಂತು ಪಾಠ ಓದು ಎಂದರೆ ಒಂದು ಸಾಲು ಓದಿ ನಿಂತುಬಿಡುತ್ತಿದ್ದಳು. ಗದರಿದರೂ ಅಷ್ಟೇ, ರಮಿಸಿದರೂ ಅಷ್ಟೇ. ವಾರ್ಷಿಕ ಪರೀಕ್ಷೆಯಲ್ಲೂ ಬಾಯಿ ಬಿಡದಿದ್ದರೆ ಕೆಳಗಿನ ಕ್ಲಾಸಿನಲ್ಲಿ ಕೂಡಿಸುವುದೇ ಎಂದು ಹೆಡ್‌ಮಾಸ್ತರರು ಹೇಳಿದ್ದರು. ಆ ಮಾತು ಹುಡುಗಿಯ ಅಪ್ಪನ ಕಿವಿಗೆ ಬಿತ್ತು. ಪರೀಕ್ಷೆ ಕೆಟ್ಟರೆ ಶಾಲೆ ಬಿಡಿಸುವುದು, ತಮ್ಮ ಜೊತೆ ತಿರುಗಿಕೊಂಡಿರಲಿ ಎಂದು ಹೇಳಿ ಅವನು ಸುಗ್ಗಿಗೆ ಹೊರಟ. ಬಳಗವೆಲ್ಲ ಜೋಪಡಿ ಕಿತ್ತು ಅವನ ಹಿಂದೆ ಹೋಯಿತು. ಪಿನ್ನಿನವ್ವ ಮಾತ್ರ ಮಗಳನ್ನು ಕಟ್ಟಿಕೊಂಡು ಹಳ್ಳದ ದಂಡೆಯಲ್ಲೇ ಉಳಿದಳು. ಬಲು ಗಟ್ಟಿಗಿತ್ತಿ.

ಪರೀಕ್ಷೆಯ ಹಿಂದಿನ ಸಂಜೆ ನೋಡಿ ಬರೋಣವೆಂದು ಅತ್ತ ಹೋದೆ. ಆಕೆ ಜೋಪಡಿಯ ಮುಂದೆ ಕೂತು ಕೂದಲ ಸಿಕ್ಕು ಬಿಡಿಸುತ್ತಿದ್ದಳು. ಎದುರಿಗೆ ಮಗಳು ಪುಸ್ತಕ ಹಿಡಿದು, ನಾನು ಕಲಿಸಿದ ಪಾಠವನ್ನೇ ಗಡಗಡ ಓದುತ್ತಿದ್ದಳು. ಸಾಲು ಮುಗಿದಾಗಲೆಲ್ಲ ತಾಯಿ ತಲೆ ಎತ್ತದೆಯೇ "ಹೂಂ" ಅನ್ನುತ್ತಿದ್ದಳು. ಶಾಲೆಗೆ ಬಂದರೆ ಈ ಬಾಯಿಗೆ ಬೀಗ ಯಾಕೆ ಬೀಳುತ್ತದೆ ಎಂದು ಕೇಳಿದೆ.

"ಶಾಲ್ಯಾಗ ಹೂಂ ಅನ್ನೋರು ಯಾರದಾರ್ರಿ ಟೀಚರಮ್ಮ?" ಎಂದಳು ಪಿನ್ನಿನವ್ವ. "ನಮ್ಮ ಮಂದ್ಯಾಗ ಒಬ್ರು ಕಥಿ ಹೇಳಾಕತ್ರ ಇನ್ನೊಬ್ರು ಹೂಂ ಅನ್ಬೇಕ್ರಿ. ಸುಮ್ನಾದ್ರ, ಸಾಕು ನಿಲ್ಸು ಅಂದಂಗ."

ಕೈ ಕಟ್ಟಿ, ಬಾಯಿ ಮುಚ್ಚಿ ಕೂತ ನನ್ನ ತರಗತಿ ಆ ಕೂಸಿಗೆ ದಿನಾ ಸಾಕು ನಿಲ್ಲಿಸು ಎನ್ನುತ್ತಿತ್ತು. ಎಂಥ ಶಿಸ್ತಿನ ಮಕ್ಕಳು ಎಂದು ನಾನು ಬೀಗುತ್ತಿದ್ದೆ ಬೇರೆ. ನಗುವೂ ಬಂತು, ನಾಚಿಕೆಯೂ ಆಯಿತು.

ಪರೀಕ್ಷೆಯ ದಿನ ಪಿನ್ನಿನವ್ವ ಬುಟ್ಟಿ ಸಮೇತ ಬಂದು ಕಿಟಕಿಯ ಹೊರಗೆ ನಿಂತಳು. ಹೆಡ್‌ಮಾಸ್ತರರ ಎದುರು ಮಗಳು ಒಂದು ಸಾಲು ಓದಿದಳು, ನಿಂತಳು. ತಾಯಿ ಈಗ ಹೂಂ ಅನ್ನುತ್ತಾಳೆ ಅಂದುಕೊಂಡೆ. ಆಕೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಮೆಲ್ಲಗೆ "ಹೂಂ" ಎಂದೆ. ಹುಡುಗಿಯ ಮುಖ ಅರಳಿತು. ಮುಂದಿನ ಸಾಲು ಬಂತು, ಅದರ ಮುಂದಿನದೂ ಬಂತು. ಪಾಠ ಮುಗಿಯುವ ಹೊತ್ತಿಗೆ ಹೆಡ್‌ಮಾಸ್ತರರೇ ಮೀಸೆಯೊಳಗೆ ಹೂಂಗುಟ್ಟುತ್ತಿದ್ದರು, ಪಾಪ, ಅವರಿಗೇ ಗೊತ್ತಿರಲಿಲ್ಲ. ಹುಡುಗಿ ಪಾಸಾದಳು.

ನೀನೇ ಅನ್ನಬಹುದಿತ್ತಲ್ಲ ಎಂದು ಆಮೇಲೆ ಕೇಳಿದೆ.

"ನಾ ಎಷ್ಟ ದಿನ ಇರ್ತೀನ್ರಿ?" ಎಂದಳು. "ಹೂಂ ಅನ್ನೋರು ಹೊರಗೂ ಅದಾರ ಅಂತ ಅಕಿಗೆ ತಿಳೀಲಿ ಅಂತ ಸುಮ್ನಿದ್ನಿ."

ಆ ಸುಮ್ಮನಿರುವುದು ಆಕೆಗೆ ಎಷ್ಟು ಕಷ್ಟವಾಗಿತ್ತೋ... ಸೆರಗಿನ ಅಂಚು ಒದ್ದೆಯಾಗಿತ್ತು.

ಆ ಮಗಳು ಈಗ ಲಿಂಗಸುಗೂರಿನಲ್ಲಿ ನರ್ಸ್. ಕಾಯಿಲೆಯವರಿಗೆ ಧೈರ್ಯ ಹೇಳಲು ನಿಂತಳೆಂದರೆ ಯಾರ ಹೂಂ ಕೂಡ ಬೇಕಿಲ್ಲ, ಅಷ್ಟು ಮಾತುಗಾರ್ತಿ. ಕಳೆದ ತಿಂಗಳು ಮನೆಗೆ ಬಂದಳು. ನನ್ನ ಪಕ್ಕದಲ್ಲಿ ಕೂತು, "ಅವ್ವ ಹೋದಳ್ರಿ ಟೀಚರ್," ಎಂದಳು. ಮುಂದೆ ಮಾತು ಬರಲಿಲ್ಲ. ಪುಟ್ಟ ಹುಡುಗಿಯಾಗಿದ್ದಾಗ ಒಂದು ಸಾಲು ಓದಿ ನಿಲ್ಲಿಸುತ್ತಿದ್ದಳಲ್ಲ, ಹಾಗೇ ನಿಲ್ಲಿಸಿಬಿಟ್ಟಳು.

ಅವಳ ಕೈ ಹಿಡಿದುಕೊಂಡೆ. ಮೆಲ್ಲಗೆ ಅಂದೆ.

"ಹೂಂ."

ಅವಳು ತಾಯಿಯ ಕೊನೆಯ ದಿನಗಳನ್ನು ಹೇಳತೊಡಗಿದಳು. ಕತ್ತಲಾಗುವ ತನಕ ಹೇಳಿದಳು, ನಾನು ಹೂಂಗುಟ್ಟುತ್ತ ಕೂತೆ.

ಮೊನ್ನೆ ಸೊಸೆಯ ಕೈಯಿಂದ ಆ ಉಂಡೆ ಇಸಿದುಕೊಂಡು ಮತ್ತೆ ಕಿಟಕಿಯ ಸಂದಿಗೇ ಸಿಕ್ಕಿಸಿದೆ. ಒಯ್ಯಲು ಆಕೆ ಬರುವುದಿಲ್ಲ, ಗೊತ್ತಿದೆ.